ಫೋಕಸ್ ಕ್ಯಾಮೆರಾದ್ದು, ದೂರ ಹಕ್ಕಿಯದ್ದು

ಹಾರುವ ಹಕ್ಕಿಯ ಕಣ್ಣಿಗೆ ಫೋಕಸ್ ಕೂರಿಸುವುದು ಹತ್ತು ವರ್ಷಗಳ ಹಿಂದೆ ಅಪ್ಪಟ ಕೈಚಳಕದ ಕೆಲಸವಾಗಿತ್ತು. ವ್ಯೂಫೈಂಡರಿನ ನಡುವಿನ ಚುಕ್ಕಿಯನ್ನು ಓಡುವ ತಲೆಯ ಮೇಲೆ ಹಿಡಿದಿಡಲು ತಿಂಗಳುಗಟ್ಟಲೆ ರೂಢಿ ಬೇಕು. ನೂರು ಹೊಡೆದು ಬೆರಳೆಣಿಕೆಯಷ್ಟು ಉಳಿಸಿಕೊಂಡರೆ ಅದೇ ಭಾಗ್ಯ. 2020ರಲ್ಲಿ ಬಂದ ಕ್ಯಾನನ್ ಆರ್5 ನಾಯಿ ಬೆಕ್ಕುಗಳ ಜೊತೆ ಹಕ್ಕಿಯನ್ನೂ ತಾನಾಗಿ ಗುರುತಿಸತೊಡಗಿತು. ಅದೇ ವರ್ಷದ ಕೊನೆಯಲ್ಲಿ ಒಲಿಂಪಸ್ ತನ್ನ ಇ-ಎಂ1ಎಕ್ಸ್ ಕ್ಯಾಮೆರಾಕ್ಕೆ ಹಕ್ಕಿ ಹುಡುಕುವ ಫರ್ಮ್‌ವೇರ್ (ಕ್ಯಾಮೆರಾದೊಳಗಿನ ತಂತ್ರಾಂಶ) ಕೊಟ್ಟಿತು. 2021ರಲ್ಲಿ ಸೋನಿ ಎ1, ನಿಕಾನ್ ಝಡ್9 ಬಂದವು. ಈಗ ಮಧ್ಯಮ ದರ್ಜೆಯ ಮಿರರ್‌ಲೆಸ್ ಕ್ಯಾಮೆರಾ ಕೂಡ ಹಕ್ಕಿಯ ಕಣ್ಣಿನ ಮೇಲೆ ತಾನೇ ಒಂದು ಚೌಕ ಬರೆದು ಅದನ್ನು ಬಿಡದೆ ಹಿಂಬಾಲಿಸುತ್ತದೆ.

ಇಷ್ಟಾದ ಮೇಲೆ ಚಿತ್ರಗಳು ಅದೇ ಪ್ರಮಾಣದಲ್ಲಿ ಸುಧಾರಿಸಬೇಕಿತ್ತು. ಸುಧಾರಿಸಿಲ್ಲ. ಯಾಕೆಂದರೆ ಕ್ಯಾಮೆರಾ ಬಿಡಿಸಿದ್ದು ಒಂದು ಗಂಟನ್ನು ಮಾತ್ರ. ಇನ್ನೊಂದು ಗಂಟು ಹಾಗೇ ಉಳಿದಿದೆ: ಹಕ್ಕಿಗೂ ನಿಮಗೂ ನಡುವಿನ ದೂರ. ಚಿತ್ರ ಮೆತ್ತಗೆ ಬಂತು, ನಾಯ್ಸ್ (ಕಾಳುಕಾಳಾದ ಚುಕ್ಕೆ) ತುಂಬಿತು, ಗರಿಯ ಎಳೆ ಕಾಣಲಿಲ್ಲ ಎಂದು ಲೆನ್ಸಿನ ಮೇಲೆ ಹೊರಿಸುವ ದೂರುಗಳಲ್ಲಿ ಬಹುಪಾಲು ದೂರದ ದೂರುಗಳೇ. ಹಕ್ಕಿಗಳಿಗೆ ಛಾಯಾಗ್ರಾಹಕರಿಂದ ಆಗುವ ತೊಂದರೆಯ ಬೇರೂ ಅಲ್ಲೇ ಇದೆ. ಹಾಗಾಗಿ ತಂತ್ರ ಒಂದು ಅಧ್ಯಾಯ, ನೀತಿ ಕೊನೆಗೆ ಅಂಟಿಸುವ ಇನ್ನೊಂದು ಅಧ್ಯಾಯ ಎಂದು ಬೇರೆ ಮಾಡಿ ಹೇಳುವ ವಾಡಿಕೆ ಸರಿಯಲ್ಲ ಅನಿಸುತ್ತದೆ. ಎರಡರದೂ ಒಂದೇ ಲೆಕ್ಕ.

ಮೊದಲು ಲೆಕ್ಕವನ್ನೇ ನೋಡೋಣ

ಫುಲ್ ಫ್ರೇಮ್ ಕ್ಯಾಮೆರಾ, 500 ಮಿ.ಮೀ. ಲೆನ್ಸ್, 10 ಮೀಟರ್ ದೂರ ಎಂದಿಟ್ಟುಕೊಳ್ಳಿ. ಸೆನ್ಸರಿನ ಅಗಲ 36 ಮಿ.ಮೀ. ಆದ್ದರಿಂದ ಚೌಕಟ್ಟಿನೊಳಗೆ ಬರುವ ಜಾಗ 72 ಸೆಂ.ಮೀ. ಅಗಲ, 48 ಸೆಂ.ಮೀ. ಎತ್ತರ. ಗುಬ್ಬಚ್ಚಿ ಗಾತ್ರದ, 15 ಸೆಂ.ಮೀ. ಉದ್ದದ ಹಕ್ಕಿ ಆ ಅಗಲದಲ್ಲಿ ಸುಮಾರು ಐದನೇ ಒಂದು ಭಾಗ ತುಂಬುತ್ತದೆ. 8256 ಪಿಕ್ಸೆಲ್ ಅಗಲದ 45 ಮೆಗಾಪಿಕ್ಸೆಲ್ ಸೆನ್ಸರಿನಲ್ಲಿ ಅದು ಸುಮಾರು 1,700 ಪಿಕ್ಸೆಲ್. ಧಾರಾಳ. ಅದೇ ಹಕ್ಕಿ 20 ಮೀಟರ್ ದೂರದಲ್ಲಿದ್ದರೆ 860 ಪಿಕ್ಸೆಲ್. 30 ಮೀಟರಿಗೆ 570. ಉದ್ದ ಅರ್ಧವಾದಾಗ ವಿಸ್ತೀರ್ಣ ಕಾಲಾಗುತ್ತದೆ, ಮೂರನೇ ಒಂದಾದಾಗ ಒಂಬತ್ತನೇ ಒಂದು. ಗರಿಯ ವಿವರ ವಿಸ್ತೀರ್ಣದ ಲೆಕ್ಕದಲ್ಲಿ ಕರಗುತ್ತದೆ, ಉದ್ದದ ಲೆಕ್ಕದಲ್ಲಲ್ಲ. 30 ಮೀಟರಿನಲ್ಲಿ ಹೊಡೆದು ಕ್ರಾಪ್ ಮಾಡಿದ ಚಿತ್ರ ಯಾಕೆ ಸವೆದ ನಾಣ್ಯದಂತೆ ಕಾಣುತ್ತದೆ ಎನ್ನುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

500ರ ಬದಲು 600 ಮಿ.ಮೀ. ಲೆನ್ಸ್ ಕೊಂಡರೆ ಏನು ಸಿಗುತ್ತದೆ? 10 ಮೀಟರಿನಲ್ಲಿರುವ ಹಕ್ಕಿಗೆ 1.7 ಮೀಟರ್ ಹತ್ತಿರ ಹೋದಷ್ಟು ಲಾಭ, ಅಂದರೆ ಎರಡು ಹೆಜ್ಜೆ. ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಸಿಕ್ಕಿಸಿ ಚಿತ್ರ ಹಿಗ್ಗಿಸುವ ಟೆಲಿಕನ್ವರ್ಟರ್ 1.4 ಪಟ್ಟಿನದಾದರೆ ಬೆಳಕನ್ನು ಅರ್ಧಕ್ಕಿಳಿಸುತ್ತದೆ, 2 ಪಟ್ಟಿನದು ಕಾಲಿಗೆ. ಎಫ್ ಅಂಕಿ ದೊಡ್ಡದಾದಷ್ಟೂ ಲೆನ್ಸಿನ ಕಿಂಡಿ ಚಿಕ್ಕದು, ಬೆಳಕು ಕಡಿಮೆ. ಎಫ್/6.3ರ ಜೂಮ್ ಲೆನ್ಸಿಗೆ ಮೊದಲನೆಯದನ್ನು ಹಾಕಿದರೆ ಎಫ್/9, ಎರಡನೆಯದಕ್ಕೆ ಎಫ್/13. ಬೆಳಗಿನ ಆರೂವರೆಯ ಬೆಳಕಿನಲ್ಲಿ ಎಫ್/13 ಎಂದರೆ ಐಎಸ್‌ಒ (ಸೆನ್ಸರಿನ ಬೆಳಕಿನ ಸಂವೇದನೆಯ ಅಂಕಿ) ಎಲ್ಲಿಗೆ ಏರುತ್ತದೆ ಎನ್ನುವುದು ಒಮ್ಮೆ ಪ್ರಯತ್ನಿಸಿದವರಿಗೆ ಗೊತ್ತು.

ಹತ್ತಿರವಾದಷ್ಟೂ ಫೋಕಸ್ ಆಳ ತೆಳುವಾಗುತ್ತದೆ ಎನ್ನುವುದನ್ನೂ ಮರೆಯಬಾರದು. 500 ಮಿ.ಮೀ., ಎಫ್/5.6, 10 ಮೀಟರ್: ಸ್ಪಷ್ಟವಾಗಿ ಕಾಣುವ ಪದರ ಸುಮಾರು 13 ಸೆಂ.ಮೀ. 5 ಮೀಟರಿಗೆ ಇಳಿದರೆ ಸುಮಾರು ಮೂರು ಸೆಂ.ಮೀ. ಓರೆಯಾಗಿ ಕೂತ ಮಿಂಚುಳ್ಳಿಯ ಕಣ್ಣು ಚೂಪಾಗಿ, ಕೊಕ್ಕಿನ ತುದಿ ಮಂಜಾಗುವುದು ಇದರಿಂದಲೇ. ಅಷ್ಟು ಹತ್ತಿರ ಸಿಕ್ಕಾಗ ಎಫ್/8 ಅಥವಾ 11ಕ್ಕೆ ಹೋಗಿ, ಇಲ್ಲವೇ ಹಕ್ಕಿ ಪಕ್ಕಕ್ಕೆ ತಿರುಗುವವರೆಗೆ ಕಾಯಿರಿ.

ಮೆತ್ತಗಿನ ಚಿತ್ರ: ತಪ್ಪು ಯಾರದು?

ಮೆತ್ತಗೆ ಬಂದ ಚಿತ್ರ ಅಳಿಸುವ ಮುನ್ನ 100 ಪ್ರತಿಶತಕ್ಕೆ ಹಿಗ್ಗಿಸಿ ನೋಡಿ. ಹಕ್ಕಿ ಮಸುಕಾಗಿದ್ದು, ಅದರ ಮುಂದಿನ ಹುಲ್ಲೋ ಹಿಂದಿನ ತೊಗಟೆಯೋ ಚೂಪಾಗಿದ್ದರೆ ಫೋಕಸ್ ತಪ್ಪಿದೆ. ಚುಕ್ಕೆಗಳೆಲ್ಲ ಒಂದೇ ದಿಕ್ಕಿಗೆ ಎಳೆದ ಗೆರೆಯಂತಿದ್ದರೆ ಕೈ ಅಲುಗಿದೆ. ಕೊಂಬೆ ಚೂಪಾಗಿದ್ದು ತಲೆ ಮಾತ್ರ ಕಲಸಿದ್ದರೆ ಹಕ್ಕಿ ಅಲುಗಿದೆ, ಶಟರ್ ನಿಧಾನವಾಗಿತ್ತು. ಎಲ್ಲೂ ಏನೂ ಚೂಪಾಗಿಲ್ಲ, ಕದಲದೆ ಕೂತ ಹಕ್ಕಿಯ ಇಪ್ಪತ್ತು ಚಿತ್ರಗಳಲ್ಲಿ ಒಂದೊಂದೂ ಒಂದೊಂದು ಬಗೆಯಲ್ಲಿ ಮೆತ್ತಗಿದೆ, ಅಂಚುಗಳು ನೀರಿನೊಳಗಿಂದ ಕಂಡಂತೆ ಜೋಡಿಯಾಗಿವೆ, ಹಿನ್ನೆಲೆಯ ಮಸುಕು ನಯವಾಗಿರದೆ ತಂತಿ ತಂತಿಯಾಗಿದೆ ಎಂದರೆ ತಪ್ಪು ಗಾಳಿಯದು.

ಬಿಸಿಲೇರಿದಾಗ ನೆಲದಿಂದ ಏಳುವ ಬಿಸಿಗಾಳಿ ಮತ್ತು ಮೇಲಿನ ತಂಪು ಗಾಳಿ ಬೆಳಕನ್ನು ಬೇರೆ ಬೇರೆ ಪ್ರಮಾಣದಲ್ಲಿ ಬಗ್ಗಿಸುತ್ತವೆ. ಟಾರು ರಸ್ತೆಯ ಮೇಲೆ ಕಣ್ಣಿಗೇ ಕಾಣುವ ಈ ನಡುಕ ಕೆರೆಯ ಒಣ ಅಂಗಳ, ಮರಳ ದಿಣ್ಣೆ, ಉತ್ತ ಹೊಲಗಳ ಮೇಲೂ ಇರುತ್ತದೆ, ಕಣ್ಣಿಗೆ ಅಷ್ಟಾಗಿ ಕಾಣುವುದಿಲ್ಲ ಅಷ್ಟೇ. ಉದ್ದದ ಲೆನ್ಸ್ ಅದನ್ನೂ ಹಿಗ್ಗಿಸುತ್ತದೆ. ಇದಕ್ಕೆ ಯಾವ ಲೆನ್ಸೂ ಮದ್ದಲ್ಲ, ಶಟರ್ ವೇಗ ಹೆಚ್ಚಿಸಿದರೂ ಹೋಗುವುದಿಲ್ಲ. ಸೂರ್ಯ ಹುಟ್ಟಿದ ಮೊದಲ ಒಂದೆರಡು ಗಂಟೆಯೊಳಗೆ ಹೊಡೆಯುವುದು, ಮೋಡ ಕವಿದ ದಿನ ಆರಿಸುವುದು, ನಡುವಿನ ಗಾಳಿಯ ಪದರ ಕಡಿಮೆಯಾಗುವಷ್ಟು ಸಮೀಪದ ಹಕ್ಕಿಗೆ ಮಾತ್ರ ಕೈ ಹಾಕುವುದು ಇವೇ ಉಪಾಯ. ಕಾರಿನ ಕಿಟಕಿಯಿಂದ ತೆಗೆಯುವವರು ಎಂಜಿನ್ ನಿಲ್ಲಿಸಬೇಕು; ಬಾನೆಟ್ಟಿನ ಬಿಸಿ ಲೆನ್ಸಿನ ಎದುರೇ ಹಾಯುತ್ತದೆ. ಒಳಗೆ ಎಸಿ ಹಾಕಿಕೊಂಡು ಕೂತು, ಹಕ್ಕಿ ಕಂಡೊಡನೆ ಗಾಜಿಳಿಸಿದರೂ ಅದೇ ಕತೆ: ತಣ್ಣನೆ ಗಾಳಿ, ಬಿಸಿ ಗಾಳಿ ಕಿಟಕಿಯಲ್ಲೇ ಬೆರೆಯುತ್ತವೆ, ಮೇಲಾಗಿ ಲೆನ್ಸಿನ ಮೇಲೆ ಹನಿ ಕಟ್ಟುತ್ತದೆ.

ರೆಕ್ಕೆ ಬಾಳೆಹಣ್ಣಿನಂತೆ ಬಾಗಿ ಬಂದರೆ ಅದು ಬೇರೆ ರೋಗ. ಎಲೆಕ್ಟ್ರಾನಿಕ್ ಶಟರ್ ಸೆನ್ಸರನ್ನು ಮೇಲಿಂದ ಕೆಳಕ್ಕೆ ಸಾಲು ಸಾಲಾಗಿ ಓದುತ್ತದೆ. ಕೊನೆಯ ಸಾಲಿಗೆ ಬರುವ ಹೊತ್ತಿಗೆ ರೆಕ್ಕೆ ಇನ್ನೆಲ್ಲೋ ಹೋಗಿರುತ್ತದೆ. ಶಟರ್ ಸ್ಪೀಡ್ 1/4000 ಇದ್ದರೂ ಓದುವ ವೇಗ ಬೇರೆಯೇ ಸಂಗತಿ. ಸ್ಟ್ಯಾಕ್ಡ್, ಅಂದರೆ ವೇಗದ ಮೆಮೊರಿಯನ್ನು ಬೆನ್ನಿಗೆ ಜೋಡಿಸಿಕೊಂಡ ಸೆನ್ಸರುಗಳು ಸೆಕೆಂಡಿನ 200ನೇ ಒಂದು ಭಾಗದ ಆಸುಪಾಸಿನಲ್ಲಿ ಓದಿ ಮುಗಿಸುತ್ತವೆ; ಸಾಧಾರಣ ಸೆನ್ಸರುಗಳು ಅದರ ಹಲವು ಪಟ್ಟು ಹೊತ್ತು ತೆಗೆದುಕೊಳ್ಳುತ್ತವೆ. ನಿಮ್ಮದು ಸಾಧಾರಣ ಸೆನ್ಸರಾದರೆ ಹಾರಾಟಕ್ಕೆ ಮೆಕ್ಯಾನಿಕಲ್ ಶಟರ್, ಕೂತ ಹಕ್ಕಿಗೆ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್. 2023ರಲ್ಲಿ ಪ್ರಕಟವಾದ ಸೋನಿ ಎ9 III ಇಡೀ ಸೆನ್ಸರನ್ನು ಒಂದೇ ಕ್ಷಣಕ್ಕೆ ಓದುವ ಗ್ಲೋಬಲ್ ಶಟರ್ ತಂದು ಈ ರೋಗವನ್ನು ಬೇರುಸಹಿತ ಕಿತ್ತಿತು, ಆದರೆ ಅದು ಎಲ್ಲರ ಕೈಗೆ ಬರಲು ಇನ್ನೂ ಸಮಯ ಬೇಕು.

ಹಕ್ಕಿ ಹಾಕುವ ಲೆಕ್ಕ

ಈಗ ಆಚೆ ಬದಿಯಿಂದ ನೋಡೋಣ. ಮನುಷ್ಯ ಸಮೀಪಿಸುವಾಗ ಹಕ್ಕಿ ಎಷ್ಟು ದೂರದಲ್ಲಿ ಹಾರುತ್ತದೆ ಎನ್ನುವುದನ್ನು ಪಕ್ಷಿತಜ್ಞರು ದಶಕಗಳಿಂದ ಅಳೆಯುತ್ತ ಬಂದಿದ್ದಾರೆ. 1986ರಲ್ಲಿ ಜೀವವಿಜ್ಞಾನಿಗಳಾದ ರಾನ್ ಇಡೆನ್‌ಬರ್ಗ್ ಮತ್ತು ಲ್ಯಾರಿ ಡಿಲ್ ಮುಂದಿಟ್ಟ ಒಂದು ವಿಚಾರ ಇವತ್ತಿಗೂ ಈ ಅಧ್ಯಯನಗಳ ತಳಹದಿ: ಪ್ರಾಣಿ ಅಪಾಯ ಕಂಡ ಕೂಡಲೇ ಓಡುವುದಿಲ್ಲ, ಕೂತರೆ ಆಗುವ ನಷ್ಟ ಓಡಿದರೆ ಆಗುವ ನಷ್ಟವನ್ನು ಮೀರಿದಾಗ ಓಡುತ್ತದೆ. ಬಿಟ್ಟು ಹೋಗುವುದರಲ್ಲಿ ಮೇವು ಇದೆ, ಗೂಡು ಇದೆ, ಹಾರಾಟಕ್ಕೆ ವ್ಯಯವಾಗುವ ಶಕ್ತಿ ಇದೆ.

ಛಾಯಾಗ್ರಾಹಕರು ಇದರಿಂದ ಕಲಿಯಬೇಕಾದ್ದು ಸ್ವಲ್ಪ ಇರುಸುಮುರುಸಿನದು. "ಹಕ್ಕಿ ಹಾರಲಿಲ್ಲವಲ್ಲ, ಅದಕ್ಕೇನೂ ತೊಂದರೆ ಆಗಿಲ್ಲ" ಎನ್ನುವ ಸಮಾಧಾನ ತಲೆಕೆಳಗಾದದ್ದು. ಸಾವಿರಾರು ಕಿಲೋಮೀಟರ್ ವಲಸೆ ಮುಗಿಸಿ ಇಳಿದು, ಮೈಯ ಕೊಬ್ಬೆಲ್ಲ ಕರಗಿ, ಕೆಸರಿನಲ್ಲಿ ಹುಳ ಹೆಕ್ಕುತ್ತಿರುವ ಪುಟ್ಟ ಗೊರವ ನಿಮ್ಮನ್ನು ಐದು ಮೀಟರಿಗೆ ಬಿಟ್ಟುಕೊಳ್ಳುತ್ತದೆ. ಅದು ಧೈರ್ಯವಲ್ಲ, ಹಸಿವು. ಮೊಟ್ಟೆಯ ಮೇಲೆ ಕೂತ ಹಕ್ಕಿಯದೂ ಹೀಗೇ: ಬಿಟ್ಟುಹೋಗಲು ಅದಕ್ಕೆ ಬೆಲೆ ಹೆಚ್ಚು. ಪೆಂಗ್ವಿನ್‌ಗಳ ಗೂಡಿನಲ್ಲಿ ಮೊಟ್ಟೆಯಾಕಾರದ ಸಾಧನ ಇಟ್ಟು ಎದೆಬಡಿತ ಅಳೆದಾಗ, ಹೊರನೋಟಕ್ಕೆ ಕದಲದೆ ಕೂತ ಹಕ್ಕಿಯ ಬಡಿತವೂ ಜನ ಹತ್ತಿರ ಬಂದಾಗ ಏರಿದ್ದು ಕಂಡಿದೆ.

ಸಾಮಾನ್ಯವಾಗಿ ದೊಡ್ಡ ಹಕ್ಕಿಗಳು ದೂರದಿಂದಲೇ ಹಾರುತ್ತವೆ, ಚಿಕ್ಕವು ಹತ್ತಿರ ಬಿಟ್ಟುಕೊಳ್ಳುತ್ತವೆ. ಪೇಟೆಯ ಕೆರೆಯಲ್ಲಿ ಮನುಷ್ಯರಿಗೆ ಒಗ್ಗಿದ ಬೆಳ್ಳಕ್ಕಿಯ ದೂರ ಬೇರೆ, ಹಿನ್ನೀರಿನ ನಿರ್ಜನ ದಂಡೆಯಲ್ಲಿ ಅದೇ ಬೆಳ್ಳಕ್ಕಿಯ ದೂರ ಬೇರೆ. ಆದ್ದರಿಂದ "ಇಷ್ಟು ಮೀಟರ್ ಸುರಕ್ಷಿತ" ಎಂಬ ಒಂದೇ ಸಂಖ್ಯೆ ಎಲ್ಲ ಹಕ್ಕಿಗೂ ಒಪ್ಪುವುದಿಲ್ಲ. ಅದರ ಬದಲು ಹಕ್ಕಿಯ ಮೈಮಾತು ಓದಬೇಕು.

ನೆಲದಲ್ಲಿ ಮೇಯುತ್ತಿರುವ ಟಿಟ್ಟಿಭವನ್ನು ತೆಗೆದುಕೊಳ್ಳಿ. ನೀವು ದೂರದಲ್ಲಿದ್ದಾಗ ಅದು ನಾಲ್ಕು ಹೆಜ್ಜೆ ಓಡಿ, ನಿಂತು, ಬಗ್ಗಿ ಕುಟುಕಿ, ಮತ್ತೆ ನಾಲ್ಕು ಹೆಜ್ಜೆ ಓಡುತ್ತದೆ. ಈ ತಾಳ ನೆನಪಿಟ್ಟುಕೊಳ್ಳಿ. ಹತ್ತಿರವಾದಂತೆ ಮೊದಲು ಕೆಡುವುದು ಈ ತಾಳವೇ: ಓಡುತ್ತದೆ, ನಿಲ್ಲುತ್ತದೆ, ಆದರೆ ಬಗ್ಗುವುದಿಲ್ಲ. ಮೇವು ನಿಂತಿತು, ಅಂದರೆ ನಿಮ್ಮ ಗಡಿ ಬಂತು. ಇನ್ನೂ ಮುಂದುವರಿದರೆ ಕತ್ತು ಉದ್ದವಾಗುತ್ತದೆ, ಗರಿಗಳು ಮೈಗೆ ಅಂಟಿ ಹಕ್ಕಿ ತೆಳ್ಳಗೆ ಕಾಣುತ್ತದೆ, ಮೈ ನಿಮ್ಮಿಂದ ಆಚೆಗೆ ತಿರುಗುತ್ತದೆ, ತಲೆ ಮೇಲೆ ಕೆಳಗೆ ಕುಣಿಯುತ್ತದೆ. ಮುಂದಿನದು ಹಿಕ್ಕೆ. ಹಾರುವ ಮುನ್ನ ಮೈ ಹಗುರ ಮಾಡಿಕೊಳ್ಳುವುದು ಅನೇಕ ಹಕ್ಕಿಗಳ ಅಭ್ಯಾಸ. ಹದ್ದು, ಮಿಂಚುಳ್ಳಿಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಹಾರಾಟದ ಚಿತ್ರಕ್ಕೆ ಬೆರಳು ಸಿದ್ಧವಿಡಲು ಇದಕ್ಕಿಂತ ಒಳ್ಳೆಯ ಸೂಚನೆ ಇಲ್ಲ, ನಿಜ. ಆದರೆ ಆ ಹಿಕ್ಕೆ ನಿಮ್ಮ ಕಾರಣಕ್ಕೆ ಬಿದ್ದಿದ್ದರೆ ಸಿಗುವುದು ಬೆನ್ನು ಮತ್ತು ಬಾಲದ ಚಿತ್ರ. ಹೆದರಿದ ಹಕ್ಕಿ ಎದುರಿಗೆ ಹಾರಿ ಬರುವುದಿಲ್ಲ.

ಹತ್ತಿರವಾಗುವ ಬಗೆ

ನೆಟ್ಟಗೆ ಹಕ್ಕಿಯ ಕಡೆಗೇ ನಡೆದು ಹೋಗುವುದು ಬೇಟೆಯಾಡುವ ಪ್ರಾಣಿಯ ನಡಿಗೆ. ಓರೆಯಾಗಿ, ಬೇರೆಲ್ಲೋ ಹೊರಟವರಂತೆ, ಪ್ರತಿ ಸುತ್ತಿಗೆ ಒಂದಿಷ್ಟು ಹತ್ತಿರವಾಗುತ್ತ ಸಾಗಬೇಕು. ಹಕ್ಕಿ ಮೇವು ನಿಲ್ಲಿಸಿದರೆ ನೀವೂ ನಿಲ್ಲಿ, ಅದು ಮತ್ತೆ ಬಗ್ಗುವವರೆಗೆ ಹಾಗೇ ಇರಿ, ಬೇಕಾದರೆ ಒಂದು ಹೆಜ್ಜೆ ಹಿಂದಕ್ಕೆ ಸರಿಯಿರಿ. ನಿಂತವನಿಗಿಂತ ಕೂತವನನ್ನು, ಕೂತವನಿಗಿಂತ ಮಲಗಿದವನನ್ನು ಹಕ್ಕಿ ಹತ್ತಿರ ಬಿಟ್ಟುಕೊಳ್ಳುತ್ತದೆ. ಮಲಗಿದರೆ ಚಿತ್ರಕ್ಕೂ ಲಾಭ: ಲೆನ್ಸ್ ಹಕ್ಕಿಯ ಕಣ್ಣಿನ ಮಟ್ಟಕ್ಕೆ ಇಳಿದಾಗ ಹಿನ್ನೆಲೆ ಪಾದದಡಿಯ ಕೆಸರಾಗಿರದೆ ಐವತ್ತು ಮೀಟರ್ ಆಚೆಯ ಜೊಂಡಾಗುತ್ತದೆ, ನಯವಾಗಿ ಕರಗುತ್ತದೆ. ಎಫ್/4 ಲೆನ್ಸಿಲ್ಲ ಎಂದು ಕೊರಗುವವರು ಮೊದಲು ಮಲಗಿ ನೋಡಬೇಕು.

ಎಲ್ಲಕ್ಕಿಂತ ಒಳ್ಳೆಯದು ಹತ್ತಿರ ಹೋಗದಿರುವುದು. ಹಕ್ಕಿ ಬರುವ ಜಾಗ ತಿಳಿದು, ಅದಕ್ಕಿಂತ ಮೊದಲೇ ಹೋಗಿ ಕೂತರೆ ದೂರವನ್ನು ಆರಿಸುವುದು ಹಕ್ಕಿ. ನೀರಿನ ಮಟ್ಟ ಇಳಿದಾಗ ಯಾವ ದಂಡೆ ಮೊದಲು ತೆರೆದುಕೊಳ್ಳುತ್ತದೆ, ಮಿಂಚುಳ್ಳಿ ಯಾವ ಕೊಂಬೆಗೆ ಮತ್ತೆ ಮತ್ತೆ ಮರಳುತ್ತದೆ, ಅತ್ತಿಯಲ್ಲಿ ಹಣ್ಣು ಯಾವಾಗ ಮಾಗುತ್ತದೆ: ಎರಡು ಬೆಳಗು ಬರೀ ದುರ್ಬೀನು ಹಿಡಿದು ನೋಡಿದರೆ ಗೊತ್ತಾಗುವ ಸಂಗತಿಗಳಿವು. ಹೈಡ್ ಅಂದರೆ ಮರೆಗೂಡು ಬಳಸುವವರು ನಸುಕಿಗೆ ಮುನ್ನ ಒಳಗೆ ಸೇರಿ, ಹಕ್ಕಿಗಳು ತಾವಾಗಿ ಹೋದ ಮೇಲೆ ಹೊರಬರಬೇಕು. ಹಗಲಲ್ಲಿ ಹೋಗಲೇಬೇಕಾದರೆ ಹಳೆಯ ಉಪಾಯ ಒಂದಿದೆ: ಇಬ್ಬರು ಹೋಗಿ ಒಬ್ಬರು ಹೊರಬಂದು ನಡೆದು ಹೋಗುವುದು, ಬಂದವರು ಹೋದರು ಎಂದು ಹಕ್ಕಿ ನಂಬುವುದುಂಟು. ಒಳಗೆ ಕೂತ ಮೇಲೆ ಲೆನ್ಸನ್ನು ಬಿರುಸಾಗಿ ತಿರುಗಿಸಬಾರದು. ಹೊರಗೆ ಚಾಚಿದ ಕಪ್ಪು ಕೊಳವೆ ಸರಕ್ಕನೆ ತಿರುಗಿದರೆ ಮರೆಗೂಡಿನಿಂದ ಏನೂ ಉಪಯೋಗವಿಲ್ಲ.

ಗಾಳಿಯ ದಿಕ್ಕನ್ನು ಬಹಳ ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹಕ್ಕಿಗಳು ಏಳುವುದೂ ಇಳಿಯುವುದೂ ಸಾಮಾನ್ಯವಾಗಿ ಗಾಳಿಗೆ ಎದುರಾಗಿ. ಗಾಳಿಯೂ ಸೂರ್ಯನೂ ನಿಮ್ಮ ಬೆನ್ನಿಗಿದ್ದರೆ ಹಕ್ಕಿ ನಿಮ್ಮತ್ತ ಮುಖ ಮಾಡಿ, ರೆಕ್ಕೆಗೆ ಬೆಳಕು ತುಂಬಿಕೊಂಡು ಇಳಿಯುತ್ತದೆ. ಸೂರ್ಯ ಬೆನ್ನಿಗಿದ್ದು ಗಾಳಿ ಎದುರಿಂದ ಬೀಸುತ್ತಿದ್ದರೆ ಇಡೀ ಬೆಳಗು ಬಾಲ ಹೊಡೆಯುತ್ತಲೇ ಇರಬೇಕಾಗುತ್ತದೆ. ಅಂಥ ದಿನ ಹಾರಾಟ ಬಿಟ್ಟು ಕೂತ ಹಕ್ಕಿಗೆ ಹೋಗುವುದು ಜಾಣತನ.

ಸೆಟ್ಟಿಂಗ್ ಮಾತು, ಬೇಕಾದಷ್ಟು

ಶಟರ್ ವೇಗ ಕೂತ ಹಕ್ಕಿಗೆ ಸೆಕೆಂಡಿನ 1/500ರಿಂದ 1/1000, ಕೊಕ್ಕರೆ ಹದ್ದುಗಳಂಥ ದೊಡ್ಡ ಹಾರಾಟಕ್ಕೆ 1/1600, ಕವಲುತೋಕೆ ಕಳ್ಳಿಪೀರಗಳಿಗೆ 1/3200 ಅಥವಾ ಮೇಲೆ. ಮ್ಯಾನುಯಲ್ ಮೋಡಿನಲ್ಲಿ ಶಟರ್, ಅಪರ್ಚರ್ ಎರಡನ್ನೂ ಕಟ್ಟಿ ಐಎಸ್‌ಒ ಮಾತ್ರ ಆಟೋಗೆ ಬಿಡುವುದು ಹೆಚ್ಚಿನವರ ದಾರಿ. ಅದು ಕೈಕೊಡುವುದು ಹಿನ್ನೆಲೆ ಬದಲಾದಾಗ. ಕಡು ನೀರಿನ ಮುಂದೆ ಬೆಳ್ಳಕ್ಕಿ ಇದ್ದರೆ ಮೀಟರ್ ನೀರನ್ನು ನೋಡಿ ಬೆಳಗಿಸುತ್ತದೆ, ಬೆಳ್ಳಕ್ಕಿಯ ಎದೆ ಸುಣ್ಣದ ಗೋಡೆಯಾಗುತ್ತದೆ. ಒಂದರಿಂದ ಒಂದೂಮುಕ್ಕಾಲು ಸ್ಟಾಪ್ ಇಳಿಸಬೇಕು (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕಿಳಿಯುವುದು ಅಥವಾ ಎರಡರಷ್ಟಾಗುವುದು). ಬಿಳಿ ಆಕಾಶದ ಮುಂದಿನ ಕಾಜಾಣಕ್ಕೆ ಉಲ್ಟಾ, ಒಂದೂವರೆ ಎರಡು ಸ್ಟಾಪ್ ಏರಿಸಬೇಕು. ಹಕ್ಕಿಯ ಮೇಲೆ ಬೀಳುವ ಬೆಳಕು ಬದಲಾಗದೆ ಹಿನ್ನೆಲೆ ಮಾತ್ರ ಬದಲಾಗುತ್ತಿದ್ದರೆ (ನೀರಿನಿಂದ ಎದ್ದು ಮರಗಳ ಮುಂದೆ ಹಾದು ಆಕಾಶಕ್ಕೇರುವ ಹಕ್ಕಿ) ಐಎಸ್‌ಒವನ್ನೂ ಕೈಯಲ್ಲೇ ಕಟ್ಟಿಬಿಡಿ. ಬಿಳಿ ಹಕ್ಕಿಯ ಅತಿ ಬೆಳಕಿನ ಗರಿಯಲ್ಲಿ ಜೀಬ್ರಾ ಪಟ್ಟೆ (ಬೆಳಕು ಅತಿಯಾದಲ್ಲಿ ಕ್ಯಾಮೆರಾ ಪರದೆಯಲ್ಲಿ ತೋರಿಸುವ ಓರೆ ಗೆರೆ) ಇಣುಕುವಲ್ಲಿಗೆ ಬಂದು ಮೂರನೇ ಒಂದು ಸ್ಟಾಪ್ ಹಿಂದೆ ಸರಿದರೆ ಸಾಕು.

ಕಣ್ಣು ಹುಡುಕುವ ಆಟೋಫೋಕಸ್ಸನ್ನು ಹೊಗಳಿದ್ದಾಯಿತು, ಅದು ಎಡವುವ ಜಾಗಗಳೂ ಇವೆ. ಕಪ್ಪು ತಲೆಯಲ್ಲಿ ಕಪ್ಪು ಕಣ್ಣಿನ ಹಕ್ಕಿಗಳಲ್ಲಿ ಕಣ್ಣು ಬಿಟ್ಟು ಎದೆಗೆ ಜಾರುತ್ತದೆ. ಪೊದೆಯೊಳಗಿನ ಹಕ್ಕಿಯಲ್ಲಿ ಮುಂದಿನ ಎಲೆಗೆ ಕಚ್ಚಿಕೊಂಡು ಬಿಡುವುದೇ ಇಲ್ಲ. ಅಲ್ಲಿ ಹಕ್ಕಿ ಗುರುತಿಸುವ ಸೌಲಭ್ಯ ಆಫ್ ಮಾಡಿ ಒಂದೇ ಚುಕ್ಕಿಗೆ ಮರಳಬೇಕು. ಅದಕ್ಕೊಂದು ಗುಂಡಿ ಮೊದಲೇ ಗೊತ್ತು ಮಾಡಿಡಿ, ಹಕ್ಕಿ ಸಿಕ್ಕಾಗ ಮೆನು ಹುಡುಕಲು ಪುರಸೊತ್ತಿರುವುದಿಲ್ಲ. ದೂರದ ಹಾರಾಟದಲ್ಲಿ ಫೋಕಸ್ ಹಿನ್ನೆಲೆಯ ಮರಗಳಿಗೆ ಓಡುವುದು ಇನ್ನೊಂದು ಕಾಟ. ಹಕ್ಕಿ ಬರುವ ದೂರದಷ್ಟೇ ದೂರದ ಯಾವುದಾದರೂ ವಸ್ತುವಿಗೆ ಮೊದಲೇ ಫೋಕಸ್ ಮಾಡಿಟ್ಟುಕೊಂಡರೆ ಕ್ಯಾಮೆರಾ ಹುಡುಕಾಟ ಅಲ್ಲಿಂದ ಶುರು ಮಾಡುತ್ತದೆ, ಫೋಕಸ್ ಹುಡುಕುವ ದೂರಕ್ಕೆ ಮಿತಿ ಹಾಕುವ ಲಿಮಿಟರ್ ಲೆನ್ಸಿನಲ್ಲಿದ್ದರೆ ಇನ್ನೂ ಬೇಗ.

ಗುಂಡಿ ಪೂರ್ತಿ ಒತ್ತುವ ಮೊದಲಿನ ಅರ್ಧ ಸೆಕೆಂಡನ್ನೂ ಉಳಿಸಿಕೊಡುವ ಪ್ರೀ-ಕ್ಯಾಪ್ಚರ್ ಮಿಂಚುಳ್ಳಿ ಧುಮುಕುವುದು, ಹದ್ದು ಕೊಂಬೆ ಬಿಡುವುದು ಮುಂತಾದವಕ್ಕೆ ನಿಜವಾದ ವರ. ಇದಕ್ಕೊಂದು ಉಪಫಲವೂ ಇದೆ: ಹಕ್ಕಿಯನ್ನು ಹಾರಿಸಲು ಚಪ್ಪಾಳೆ ತಟ್ಟುವ, ಕಲ್ಲೆಸೆಯುವ ಕೆಟ್ಟ ಚಾಳಿಗೆ ಇದ್ದ ಒಂದೇ ನೆಪವೂ ಹೋಯಿತು. ಅದು ಯಾವಾಗಲಾದರೂ ಹಾರಲಿ, ಬೆರಳು ತಡವಾದರೂ ಚಿತ್ರ ಸಿಗುತ್ತದೆ.

ಗೂಡಿನ ಚಿತ್ರ: ಕಾರಣ ಹೋಯಿತು, ಚಟ ಉಳಿಯಿತು

ಪಕ್ಷಿ ಛಾಯಾಗ್ರಹಣ ಹುಟ್ಟಿದ್ದೇ ಗೂಡಿನ ಬಳಿ. ಇಂಗ್ಲೆಂಡಿನ ರಿಚರ್ಡ್ ಮತ್ತು ಚೆರ್ರಿ ಕಿಯರ್ಟನ್ ಸೋದರರು 1892ರಲ್ಲಿ ಮೊಟ್ಟೆಗಳಿದ್ದ ಗೂಡಿನ ಚಿತ್ರ ತೆಗೆದರು; ಮುಂದೆ ಹಕ್ಕಿಗಳ ಹತ್ತಿರವಾಗಲು ಎತ್ತಿನ ಚರ್ಮ ಹೊದಿಸಿದ ಟೊಳ್ಳು ಗೊಂಬೆಯೊಳಗೆ ಅಡಗಿ ಕೂರುವವರೆಗೂ ಹೋದರು. ಅಂದು ಗೂಡು ಅನಿವಾರ್ಯವಾಗಿತ್ತು. ಹೊರೆ ಕ್ಯಾಮೆರಾ, ಮಂದ ಗಾಜಿನ ಪ್ಲೇಟು. ಹಕ್ಕಿ ಖಚಿತವಾಗಿ ಮರಳಿ ಬಂದು ಒಂದು ಗಳಿಗೆ ನಿಲ್ಲುವ ಜಾಗ ಅದೊಂದೇ. 1937ರಲ್ಲಿ ಬ್ರಿಟಿಷ್ ಪಕ್ಷಿ ಛಾಯಾಗ್ರಾಹಕ ಎರಿಕ್ ಹಾಸ್ಕಿಂಗ್ ಗೂಡಿನ ಬಳಿ ಗೂಬೆಯ ಉಗುರಿಗೆ ಒಂದು ಕಣ್ಣನ್ನೇ ಕಳೆದುಕೊಂಡರು. ಇಂದು ಸೆಕೆಂಡಿಗೆ 30 ಚಿತ್ರ ತೆಗೆಯುವ, ಕಣ್ಣನ್ನು ತಾನೇ ಹುಡುಕುವ ಯಂತ್ರ ಕೈಯಲ್ಲಿರುವಾಗ ಗೂಡಿಗೆ ಹೋಗಲು ತಾಂತ್ರಿಕ ಕಾರಣ ಒಂದೂ ಉಳಿದಿಲ್ಲ. ಸುಲಭ ಎನ್ನುವುದೊಂದೇ ಉಳಿದ ಕಾರಣ.

ನಷ್ಟ ಹೇಗಾಗುತ್ತದೆ ಎಂದು ಬಿಡಿಸಿ ನೋಡಬೇಕು, ಯಾಕೆಂದರೆ ಅದು ಕಣ್ಣೆದುರು ಆಗುವುದಿಲ್ಲ. ಹೆಚ್ಚಿನ ಹಕ್ಕಿಗಳು ಕಾವು ಕೊಡುವ ಶಾಖ 36ರಿಂದ 38 ಡಿಗ್ರಿ ಸೆಲ್ಸಿಯಸ್ ನಡುವೆ. 40 ದಾಟಿದರೆ ಭ್ರೂಣಕ್ಕೆ ಪ್ರಾಣಾಪಾಯ. ಬಯಲಲ್ಲಿ ಮೊಟ್ಟೆ ಇಡುವ ಟಿಟ್ಟಿಭ, ರೀವಗಳು (ಟರ್ನ್) ಮಧ್ಯಾಹ್ನ ಮೊಟ್ಟೆಯ ಮೇಲೆ ಕೂರುವುದು ಕಾವಿಗಲ್ಲ, ನೆರಳಿಗೆ. ಕೆಲವು ಹೊಟ್ಟೆಯ ಗರಿಯನ್ನು ನೀರಲ್ಲಿ ನೆನೆಸಿ ತಂದು ತಂಪೆರೆಯುತ್ತವೆ. ನೀವು ಅರ್ಧ ಗಂಟೆ ಅಲ್ಲಿ ನಿಂತರೆ ಆ ಮರಳಿನ ಬಿಸಿ ಮೊಟ್ಟೆಗೆ. ಮರದ ಗೂಡಿಗೆ ಬೇರೆ ಗಂಡಾಂತರ: ಅಡ್ಡ ಬಂದ ಎರಡು ಎಲೆ ಸವರಿದರೆ ಚಿತ್ರ ಸ್ವಚ್ಛವಾಗುತ್ತದೆ, ಗೂಡು ಕಾಗೆಯ ಕಣ್ಣಿಗೂ ಅಷ್ಟೇ ಸ್ವಚ್ಛವಾಗಿ ಕಾಣುತ್ತದೆ. ಛಾಯಾಗ್ರಾಹಕ ಹೊರಟುಹೋದ ಮೇಲೆ ನಡೆಯುವ ಕತೆ ಇದು.

ಗೂಡು ಎಲ್ಲಿದೆ ಎಂದು ಗೊತ್ತಿಲ್ಲದೆಯೂ ಇದಾಗುತ್ತದೆ. ಕೊಕ್ಕಿನಲ್ಲಿ ಹಸಿರು ಹುಳ ಹಿಡಿದ ಹಕ್ಕಿ ಎದುರಿನ ಕೊಂಬೆಯಲ್ಲಿ ಬಂದು ಕೂರುತ್ತದೆ. ನುಂಗುವುದಿಲ್ಲ. ಪಕ್ಕದ ಕೊಂಬೆಗೆ ಹಾರುತ್ತದೆ, ಮರಳಿ ಬರುತ್ತದೆ, ಸಣ್ಣಗೆ ಚಿಕ್ ಚಿಕ್ ಎನ್ನುತ್ತದೆ. ಎಂಥ ಚೆಂದದ ಭಂಗಿ ಎಂದು ನೂರು ಚಿತ್ರ ತೆಗೆಯುತ್ತೇವೆ. ಆ ಹುಳ ಮರಿಯದು. ಹಕ್ಕಿಗೂ ಗೂಡಿಗೂ ನಡುವೆ ನಿಂತಿರುವವರು ನಾವು, ಗೂಡು ನಮ್ಮ ಬೆನ್ನ ಹಿಂದೆ ಮೂರು ಮೀಟರಿನಲ್ಲೂ ಇರಬಹುದು. ಇಂಥದ್ದು ಕಂಡಾಗ ಬಂದ ದಾರಿಯಲ್ಲೇ ಹಿಂದಿರುಗಿ, ಹಕ್ಕಿ ಒಳಗಿಳಿದು ಖಾಲಿ ಕೊಕ್ಕಿನಲ್ಲಿ ಹೊರಬರುವುದನ್ನು ದೂರದಿಂದ ಖಚಿತ ಮಾಡಿಕೊಳ್ಳಬೇಕು. ರೆಕ್ಕೆ ಮುರಿದಂತೆ ನೆಲದಲ್ಲಿ ಎಳೆದಾಡುವ ಹಕ್ಕಿ, ತಲೆಯ ಮೇಲೆ ಸುತ್ತಿ ಸುತ್ತಿ ಕೂಗುವ ಟಿಟ್ಟಿಭ ಹೇಳುವುದೂ ಇದನ್ನೇ. ಅಲ್ಲಿ ಪ್ರತಿ ಹೆಜ್ಜೆಯನ್ನೂ ನೆಲ ನೋಡಿ ಇಡಿ. ಆ ಮೊಟ್ಟೆಗಳು ಜಲ್ಲಿಕಲ್ಲಿನಿಂದ ಬೇರೆಯಾಗಿ ಕಾಣುವುದಿಲ್ಲ.

ಕಾನೂನು ಇಲ್ಲಿ ಹಲವರು ಎಣಿಸಿದ್ದಕ್ಕಿಂತ ಬಿಗಿಯಾಗಿದೆ. ಬ್ರಿಟನ್ನಿನ 1981ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯ ಹಕ್ಕಿಗಳನ್ನು ಗೂಡಿನ ಬಳಿ ಕೆಣಕುವುದೇ ಅಪರಾಧ. ಅಲ್ಲಿ ಚಿತ್ರ ತೆಗೆಯಲು ಪರವಾನಗಿ ಬೇಕು. ಭಾರತದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇನ್ನೂ ಮುಂದೆ ಹೋಗಿ, ಕಾಡುಹಕ್ಕಿಗಳ ಮೊಟ್ಟೆ ಅಥವಾ ಗೂಡಿಗೆ ತೊಂದರೆ ಕೊಡುವುದನ್ನು "ಬೇಟೆ" ಎಂಬ ಪದದ ವ್ಯಾಖ್ಯೆಯೊಳಗೇ ಸೇರಿಸಿದೆ.

ಡ್ರೋನ್ ಬಗ್ಗೆ ಒಂದೇ ಉದಾಹರಣೆ ಸಾಕು. 2021ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಬೋಲ್ಸಾ ಚೀಕಾ ರಕ್ಷಿತ ಜೌಗಿನಲ್ಲಿ ಒಂದು ಡ್ರೋನ್ ರೀವಗಳ ಗೂಡುಗಳ ನಡುವೆ ಬಿತ್ತು. ಸಾವಿರಾರು ಹಕ್ಕಿಗಳು ಬೆದರಿ ಎದ್ದು ಹೋದವು, ಸಾವಿರಕ್ಕೂ ಹೆಚ್ಚು ಮೊಟ್ಟೆಗಳನ್ನು ಮರಳಿನಲ್ಲಿ ಬಿಟ್ಟು. ಮತ್ತೆ ಬರಲಿಲ್ಲ.

ಕೂಗು, ತಿಂಡಿ

ಫೋನಿನಿಂದ ಹಕ್ಕಿಯ ಕೂಗು ನುಡಿಸಿ ಕರೆಯುವುದು ಈಗ ಎಲ್ಲರ ಜೇಬಿನಲ್ಲಿದೆ. ತನ್ನ ಸೀಮೆಯೊಳಗೆ ಬೇರೊಂದು ಗಂಡಿನ ಹಾಡು ಕೇಳಿದ ಹಕ್ಕಿಗೆ ಅದು ಸವಾಲು. ಮೇವು ಬಿಟ್ಟು, ಮರಿ ಬಿಟ್ಟು ಓಡಿ ಬರುತ್ತದೆ, ಕಾಣದ ಎದುರಾಳಿಯನ್ನು ಹುಡುಕಿ ಸುಸ್ತಾಗುತ್ತದೆ. ಜನ ಹೆಚ್ಚು ಬರುವ ಜಾಗದಲ್ಲಿ ಒಂದೇ ಹಕ್ಕಿಗೆ ದಿನಕ್ಕೆ ಹತ್ತು ಸಲ ಇದು. ಚಿತ್ರದಲ್ಲೂ ಇದು ಅಡಗುವುದಿಲ್ಲ: ಗಂಟಲು ಉಬ್ಬಿ, ನೆತ್ತಿಯ ಗರಿ ನಿಮಿರಿ, ನೋಟ ಕೆಳಗೆ ಸ್ಪೀಕರ್ ಇರುವ ಕಡೆಗೆ ನೆಟ್ಟಿರುತ್ತದೆ. ಅನುಭವಿಗಳು ಒಂದು ಕ್ಷಣದಲ್ಲಿ ಹಿಡಿದುಬಿಡುತ್ತಾರೆ.

ಇಲಿ ಎಸೆದು ಗೂಬೆ ಕರೆಸುವುದೂ ಹೀಗೇ ಗೊತ್ತಾಗುತ್ತದೆ, ಮತ್ತೆ ಮತ್ತೆ ಅದೇ ಕೋನದಿಂದ ಕ್ಯಾಮೆರಾದ ಕಡೆಗೇ ಧಾವಿಸಿ ಬರುವ ಗೂಬೆಯ ಚಿತ್ರಗಳಿಂದ. ಕಾಳು, ನೀರು ಇಟ್ಟು ಮರೆಗೂಡಿನೆದುರು ಹಕ್ಕಿ ಕರೆಯುವುದನ್ನು ಪೂರ್ತಿ ತಳ್ಳಿಹಾಕುವಂತಿಲ್ಲ; ಓಡಾಡಿ ಕೆಣಕುವುದಕ್ಕಿಂತ ಎಷ್ಟೋ ವಾಸಿ. ಆದರೆ ಒಂದೇ ತಟ್ಟೆಗೆ ನೂರು ಕೊಕ್ಕು ಸೇರಿದರೆ ರೋಗವೂ ಸೇರುತ್ತದೆ. ಬ್ರಿಟನ್ನಿನಲ್ಲಿ 2005ರಿಂದ ಟ್ರೈಕೊಮೊನೋಸಿಸ್ ಎಂಬ ಗಂಟಲ ರೋಗ ಹರಡಿ ಗ್ರೀನ್‌ಫಿಂಚ್‌ಗಳ ಸಂಖ್ಯೆ ಕುಸಿಯಿತು, ಹಂಚಿಕೊಂಡ ಮೇವು ನೀರು ಅದರ ದಾರಿ. ಇಡುವವರು ತಟ್ಟೆಯನ್ನು ತಿಕ್ಕಿ ತೊಳೆದು ಪೂರ್ತಿ ಒಣಗಿಸಬೇಕು, ಜಾಗವನ್ನು ಆಗಾಗ ಬದಲಿಸಬೇಕು, ಸೊರಗಿ ಗರಿ ಉಬ್ಬಿಸಿ ಕೂತ ಹಕ್ಕಿ ಕಂಡರೆ ಆ ದಿನವೇ ನಿಲ್ಲಿಸಬೇಕು.

ಕಂಪ್ಯೂಟರಿನೊಳಗಿನ ದೂರ

ಹಕ್ಕಿ ಬಿಟ್ಟುಕೊಡದ ದೂರವನ್ನು ಸಾಫ್ಟ್‌ವೇರಿನಿಂದ ದಾಟುವ ಆಸೆ ಈಗಿನ ಹೊಸ ಗೊಂದಲ. ನಾಯ್ಸ್ ತೆಗೆಯುವ ಎಐ ಉಪಕರಣಗಳು ನಿಜಕ್ಕೂ ಒಳ್ಳೆಯವು. ಐಎಸ್‌ಒ 6400ರ ರಾ ಫೈಲ್ (ಸೆನ್ಸರಿನ ಸಂಸ್ಕರಿಸದ ಮಾಹಿತಿ) ಈಗ ನಿರಾತಂಕ. ಚೂಪು ಮಾಡುವ, ದೊಡ್ಡದು ಮಾಡುವ ಉಪಕರಣಗಳ ವಿಷಯ ಹಾಗಲ್ಲ. 300 ಪಿಕ್ಸೆಲ್ಲಿನ ಹಕ್ಕಿಯಲ್ಲಿ ಗರಿಯ ಎಳೆಗಳ ಮಾಹಿತಿಯೇ ಇಲ್ಲ. ಉಪಕರಣ ಅದನ್ನು ಹುಡುಕಿ ತೆಗೆಯುವುದಿಲ್ಲ, ಹೀಗಿರಬಹುದು ಎಂದು ಬರೆಯುತ್ತದೆ. ಅಲಂಕಾರಕ್ಕಾದರೆ ಸರಿ. ಎಲೆ ಉಲಿಯಕ್ಕಿಗಳಂಥ ಗುಂಪಿನಲ್ಲಿ ಒಂದು ಜಾತಿಯನ್ನು ಇನ್ನೊಂದರಿಂದ ಬೇರೆ ಮಾಡುವುದು ರೆಕ್ಕೆಯ ತುದಿ ಎಷ್ಟು ಹೊರಚಾಚಿದೆ, ಕಾಲಿನ ಬಣ್ಣ ಏನು, ರೆಕ್ಕೆಯ ಪಟ್ಟೆ ಎಷ್ಟು ಎನ್ನುವುದರಿಂದ. ಅವನ್ನೇ ಯಂತ್ರ ಊಹಿಸಿ ಬರೆದಿದ್ದರೆ ಆ ಚಿತ್ರ ದಾಖಲೆಯಾಗಿ ಸುಳ್ಳು. ಎಲೆಗಳಡಿಯ ಹಸಿರು ಬೆಳಕನ್ನು ವೈಟ್ ಬ್ಯಾಲೆನ್ಸ್‌ನಲ್ಲಿ ಅಡ್ಡಾದಿಡ್ಡಿ ತಿದ್ದಿದರೂ ಕಾಲಿನ ಬಣ್ಣ ಬದಲಾಗುತ್ತದೆ. ಜಾತಿ ಗುರುತಿಗೆ ಕಳಿಸುವಾಗ ತಿದ್ದದ ರಾ ಫೈಲಿನಿಂದ ನೇರ ಕ್ರಾಪ್ ಕಳಿಸಿ, ಮಸುಕಾಗಿದ್ದರೂ ಪರವಾಗಿಲ್ಲ.

ಚಿತ್ರ ಹಂಚುವಾಗ ಜಾಗವೂ ಹಂಚಿಹೋಗುತ್ತದೆ. ಹಕ್ಕಿ ದಾಖಲೆಗಳ ಜಾಲತಾಣ ಇಬರ್ಡ್ ಸೂಕ್ಷ್ಮ ಜಾತಿಗಳ ದಾಖಲೆಯ ನಿಖರ ಸ್ಥಳವನ್ನು ಸಾರ್ವಜನಿಕರಿಗೆ ತೋರಿಸುವುದಿಲ್ಲ. ಎಲ್ಲ ಜೀವಿಗಳನ್ನೂ ದಾಖಲಿಸುವ ತಾಣ ಐನ್ಯಾಚುರಲಿಸ್ಟ್ ಅಪಾಯದಂಚಿನ ಜಾತಿಗಳ ಸ್ಥಳವನ್ನು ಅಕ್ಷಾಂಶ ರೇಖಾಂಶಗಳ 0.2 ಡಿಗ್ರಿ ಚೌಕದೊಳಗೆ, ಅಂದರೆ ಸಮಭಾಜಕದ ಬಳಿ ಒಂದೊಂದು ಬದಿಗೆ ಸುಮಾರು 22 ಕಿ.ಮೀ. ಚೌಕದೊಳಗೆ ಎಲ್ಲೋ ಒಂದೆಡೆ ತೋರಿಸುತ್ತದೆ. ಫೋನಿಗೆ ಜೋಡಿಸಿದ ಕ್ಯಾಮೆರಾ ಮಾತ್ರ ಚಿತ್ರದೊಳಗೇ ಜಿಪಿಎಸ್ ಅಂಕಿ ಬರೆದಿಡುತ್ತದೆ. ಎಕ್ಸ್‌ಪೋರ್ಟ್ ಮಾಡುವಾಗ ಸ್ಥಳದ ಮಾಹಿತಿ ಅಳಿಸುವ ಆಯ್ಕೆಯನ್ನು ಒಮ್ಮೆ ಗುರುತು ಹಾಕಿಟ್ಟರೆ ಸಾಕು. ಹಗಲಲ್ಲಿ ಒಂದೇ ಪೊಟರೆಯಲ್ಲಿ ನಿದ್ದೆ ಮಾಡುವ ಗೂಬೆಗೆ ಅದೂ ಸಾಲದು. ಹಿಂದಿನ ಬಂಡೆ, ಬೋಳು ಮರದ ಕವಲು, ಗೋಪುರದ ತುದಿ ಇಷ್ಟು ಕಂಡರೆ ಊರಿನವರಿಗೆ ಜಾಗ ತಿಳಿಯುತ್ತದೆ, ಮಾರನೆಯ ದಿನ ಆ ಪೊಟರೆಯ ಕೆಳಗೆ ಟ್ರೈಪಾಡುಗಳ ಸಾಲು. ಅಂಥ ಚಿತ್ರವನ್ನು ಬಿಗಿಯಾಗಿ ಕ್ರಾಪ್ ಮಾಡಿ, ಹಕ್ಕಿ ಆ ಪೊಟರೆ ಬಿಟ್ಟ ಮೇಲೆ ಹಾಕಿದರಾಯಿತು.